ರಿವಾಲ್ವರಿಗಿಂತ ಮೊದಲು ಬೆಲ್ಟ್

ಪ್ರೀತಿಯ ಪುಟ್ಟಿ,

ಬೇಸಿಗೆಯ ಭೂವಿಜ್ಞಾನ ಸಮೀಕ್ಷೆಗೆ ನೀನು ಅಲಾಸ್ಕಕ್ಕೆ ಬರುವ ಸುದ್ದಿಯನ್ನು ಇಲ್ಲಿ ಆಂಕರೇಜಿನಲ್ಲಿ ಕೂತು ಓದಿ ಸಂತೋಷವಾಯಿತು. ಕಂದು ಕರಡಿಗಳ ಸೀಮೆಯಲ್ಲಿ ಕೆಲಸವಾದ್ದರಿಂದ .44 ಮ್ಯಾಗ್ನಮ್ ರಿವಾಲ್ವರ್ ಕೊಳ್ಳುತ್ತೀಯಂತೆ. ಯಾವುದು ಕೊಳ್ಳಲಿ ಎಂದು ಒಂದು ಪುಟ ತುಂಬ ಕೇಳಿದ್ದೀಯ. ಅದನ್ನಿಡುವ ಒರೆ, ಅಂದರೆ ಹೋಲ್‌ಸ್ಟರ್ ಬಗ್ಗೆ ಮಾತ್ರ ಕೊನೆಗೆ ಒಂದೇ ಸಾಲು: "ಅಂಗಡಿಯಲ್ಲಿ ಯಾವುದಾದರೂ ಸಿಗುತ್ತಲ್ಲ ಮಾವ?" ಈ ಕಾಗದವೆಲ್ಲ ಆ ಒಂದು ಸಾಲಿಗೆ ಉತ್ತರ. ಊರಿನಿಂದ ಓದಿ ಬಂದು ಈ ಕಡೆ ಗಣಿ, ಕಾಡು, ಮೀನುಗಾರಿಕೆಯ ಕೆಲಸಕ್ಕೆ ಸೇರುವ ಬೇರೆ ಹುಡುಗ ಹುಡುಗಿಯರಿಗೂ ಉಪಯೋಗವಾಗಲಿ ಎಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ನಿಮ್ಮಮ್ಮನೂ ಓದುತ್ತಾಳೆ, ಗೊತ್ತು. ಅಕ್ಕಾ, ಗಾಬರಿಯಾಗಬೇಡ, ಮಗಳು ಹೋಗುತ್ತಿರುವುದು ಕಲ್ಲು ನೋಡುವುದಕ್ಕೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಅಲಾಸ್ಕದಲ್ಲಿ 21 ತುಂಬಿದವರು ಪರವಾನಗಿ ಇಲ್ಲದೆಯೇ ರಿವಾಲ್ವರನ್ನು ಬಟ್ಟೆಯ ಮರೆಯಲ್ಲಿಟ್ಟು ಓಡಾಡಬಹುದು, 2003ರಿಂದ ಹೀಗಿದೆ. ಆದರೆ ಎಚ್-1ಬಿ, ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ವೀಸಾಗಳಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಇರುವವರಿಗೆ ವಿನಾಯಿತಿ ಉಂಟು. ಅದು ತನಗೆ ಅನ್ವಯಿಸುತ್ತದೋ ಇಲ್ಲವೋ ಎಂಬುದನ್ನು ಗೆಳೆಯರ ಬಳಿ ಕೇಳದೆ ವಕೀಲರ ಬಳಿ ಕೇಳಬೇಕು. ನಿನಗೆ ಗ್ರೀನ್ ಕಾರ್ಡ್ ಇದೆ, ತೊಂದರೆಯಿಲ್ಲ. ನಿನ್ನ ತಂಡದಲ್ಲಿ ವೀಸಾದಲ್ಲಿರುವವರು ಯಾರಾದರೂ ಇದ್ದರೆ, "ಸ್ವಲ್ಪ ಹಿಡ್ಕೊಂಡಿರು" ಎಂದು ಅವರ ಕೈಗೆ ಕೊಟ್ಟೀಯೆ, ಜೋಕೆ.

ಇನ್ನು ತೂಕ. ನಾಲ್ಕಿಂಚು ನಳಿಗೆಯ ಸ್ಮಿತ್ ಆ್ಯಂಡ್ ವೆಸನ್ 629, ಗುಂಡು ಹಾಕದೆ 1.2 ಕಿಲೋದಷ್ಟು ತೂಗುತ್ತದೆ. ಏಳೂವರೆ ಇಂಚಿನ ರೂಗರ್ ಸೂಪರ್ ರೆಡ್‌ಹಾಕ್ ಒಂದೂವರೆ ಕಿಲೋ. ಆರು ಗುಂಡು ತುಂಬಿದರೆ ಇನ್ನೊಂದು 150 ಗ್ರಾಂ ಆಸುಪಾಸು. 1847ರ ವಾಕರ್ ಕೋಲ್ಟ್ ರಿವಾಲ್ವರ್ ಎರಡು ಕಿಲೋ ಇತ್ತು. ಅದನ್ನು ಸವಾರರು ಸೊಂಟಕ್ಕೆ ಕಟ್ಟುವ ಗೋಜಿಗೆ ಹೋಗದೆ ಕುದುರೆಯ ಜೀನಿಗೇ ತೂಗುಹಾಕಿಕೊಂಡರು. ನಿನಗೆ ಕುದುರೆಯಿಲ್ಲ. ಬೆಳಗಿನಿಂದ ಸಂಜೆಯವರೆಗೆ ಇಳಿಜಾರು ಹತ್ತಿ ಇಳಿಯುವಾಗ ಒಂದೂವರೆ ಕಿಲೋ ಕಬ್ಬಿಣ ಒಂದೇ ಪಕ್ಕಕ್ಕೆ ಜಗ್ಗುತ್ತಿದ್ದರೆ ಏನಾಗುತ್ತದೆ ಹೇಳಲೆ? ಮೊದಲ ದಿನ ಕಟ್ಟಿಕೊಳ್ಳುತ್ತೀಯ. ಎರಡನೆಯ ದಿನ ಊಟದ ಹೊತ್ತಿಗೆ ಬಿಚ್ಚಿ ಬ್ಯಾಗಿಗೆ ಹಾಕುತ್ತೀಯ. ಮೂರನೆಯ ದಿನ ಅದು ಡೇರೆಯಲ್ಲೇ ಮಲಗಿರುತ್ತದೆ. ಡೇರೆಯಲ್ಲಿರುವ ರಿವಾಲ್ವರಿನಿಂದ ಹೊಳೆಯಂಚಿನಲ್ಲಿರುವ ನಿನಗೆ ಮೂರು ಕಾಸಿನ ಪ್ರಯೋಜನವಿಲ್ಲ. ಮೈಗೆ ಹಿತವಾಗಿ ಕೂತರೆ ಮಾತ್ರ ಅದು ದಿನವೂ ನಿನ್ನ ಜೊತೆ ಬರುತ್ತದೆ. ಆದ್ದರಿಂದ ಹೋಲ್‌ಸ್ಟರಿನಲ್ಲಿ ಸುಖ ಹುಡುಕುವುದನ್ನು ಶೋಕಿ ಎಂದುಕೊಳ್ಳಬೇಡ.

ಬೆಲ್ಟಿನಿಂದ ಶುರು ಮಾಡು. ಆಫೀಸಿಗೆ ಕಟ್ಟುವ ಬೆಲ್ಟ್ ಪ್ಯಾಂಟನ್ನು ಹಿಡಿದಿಡಲಷ್ಟೇ ಸಾಕು. ಅದಕ್ಕೆ ಈ ಭಾರ ಹಾಕಿದರೆ ಬೆಲ್ಟ್ ಹೊರಕ್ಕೆ ಮಗುಚಿಕೊಳ್ಳುತ್ತದೆ, ರಿವಾಲ್ವರಿನ ಹಿಡಿ ಮೈಯಿಂದ ದೂರ ವಾಲುತ್ತದೆ, ನೀನು ಹೆಜ್ಜೆಹೆಜ್ಜೆಗೂ ಪ್ಯಾಂಟ್ ಮೇಲೆಳೆದುಕೊಳ್ಳುತ್ತೀಯ. ತುಂಬಿದ ಬಿಂದಿಗೆ ಸೊಂಟಕ್ಕೆ ಆತುಕೊಂಡರೆ ಹಗುರ, ದೂರ ಹಿಡಿದರೆ ಕೈ ಬಿದ್ದುಹೋಗುತ್ತದೆ, ಇದೂ ಹಾಗೆಯೇ. ಎರಡು ಪದರ ಚರ್ಮ ಸೇರಿಸಿ ಹೊಲಿದ, ಒಂದೂವರೆ ಇಂಚು ಅಗಲದ ಬೆಲ್ಟ್ ತೆಗೆದುಕೋ. ಕೊಳ್ಳುವ ಮುಂಚೆ ಎರಡೂ ಅಂಚು ಹಿಡಿದು ತಿರುಚಿ ನೋಡು. ಸುಲಭವಾಗಿ ತಿರುಚಿಕೊಂಡರೆ ಅಲ್ಲೇ ಬಿಡು. ಹೋಲ್‌ಸ್ಟರಿನ ಸೀಳು ಬೆಲ್ಟಿನ ಅಗಲಕ್ಕೆ ಬಿಗಿಯಾಗಿ ಹೊಂದಬೇಕು. ಸೀಳು ಅಗಲವಾದರೆ ಹೋಲ್‌ಸ್ಟರ್ ಹಿಂದೆ ಮುಂದೆ ಜಾರುತ್ತದೆ, ಅವಸರದಲ್ಲಿ ಕೈ ಹೋದ ಕಡೆ ಹಿಡಿ ಸಿಗುವುದಿಲ್ಲ.

ಆದರೆ ಎಷ್ಟೇ ಒಳ್ಳೆಯ ಬೆಲ್ಟ್ ಇದ್ದರೂ ನಿನ್ನ ಕೆಲಸಕ್ಕೆ ಸೊಂಟ ಸರಿಯಾದ ಜಾಗವೇ ಎಂದು ಯೋಚಿಸು. ಬೆನ್ನಿನ ಬ್ಯಾಗಿನ ಸೊಂಟಪಟ್ಟಿ ಕೂರುವುದೂ ಅಲ್ಲಿಯೇ. ಪಟ್ಟಿ ಬಿಗಿದರೆ ರಿವಾಲ್ವರ್ ಅದರಡಿ ಸಿಕ್ಕಿಕೊಳ್ಳುತ್ತದೆ, ಪಟ್ಟಿ ಸಡಿಲಿಸಿದರೆ ಬ್ಯಾಗಿನ ಭಾರವೆಲ್ಲ ಭುಜಕ್ಕೆ ಬರುತ್ತದೆ. ಹೆಂಗಸರಿಗೆ ಇನ್ನೊಂದು ಕಿರಿಕಿರಿ ಇದೆ. ಎತ್ತರದಲ್ಲಿ ಕೂರುವ ಹೋಲ್‌ಸ್ಟರುಗಳನ್ನು ಹೆಚ್ಚಾಗಿ ಗಂಡಸರ ಅಳತೆಗೆ ಮಾಡಿರುತ್ತಾರೆ. ಸೊಂಟ ಅಗಲ, ಮೈ ಗಿಡ್ಡ ಇದ್ದರೆ ಹಿಡಿ ನೇರವಾಗಿ ಪಕ್ಕೆಲುಬಿಗೆ ತಿವಿಯುತ್ತದೆ; ಕಲ್ಲಿನ ಮಾದರಿ ಎತ್ತಲು ಬಗ್ಗಿದಾಗಲೆಲ್ಲ ಒಂದೊಂದು ಏಟು. ಬ್ಯಾಗಿಲ್ಲದ ದಿನ ಸೊಂಟಕ್ಕೇ ಕಟ್ಟಬೇಕೆಂದಿದ್ದರೆ, ಸ್ವಲ್ಪ ಕೆಳಗೆ ಇಳಿದು ಕೂರುವಂಥದ್ದನ್ನೋ ಎಡಗಡೆಗೆ ಕಟ್ಟಿ ಬಲಗೈಯಲ್ಲಿ ತೆಗೆಯುವಂಥದ್ದನ್ನೋ ನೋಡು. ಕೂತು ಕೆಲಸ ಮಾಡುವವರಿಗೆ ಎರಡನೆಯದು ಹಿತ.

ಬ್ಯಾಗಿನೊಳಗೇ ಇಟ್ಟುಕೊಳ್ಳುತ್ತೇನೆ ಎನ್ನಬೇಡ. ಇಲ್ಲಿ ಹೊಳೆ ದಾಟುವಾಗ ಬ್ಯಾಗಿನ ಸೊಂಟಪಟ್ಟಿ ಬಿಚ್ಚಿಕೊಳ್ಳುವುದು ವಾಡಿಕೆ, ಕಾಲು ಜಾರಿದರೆ ಬ್ಯಾಗನ್ನು ನೀರಿಗೆ ಬಿಟ್ಟು ಜೀವ ಉಳಿಸಿಕೊಳ್ಳಲಿ ಎಂದು. ಬ್ಯಾಗಿನ ಜೊತೆ ರಿವಾಲ್ವರೂ ತೇಲಿಹೋದರೆ ಆಚೆ ದಡದಲ್ಲಿ ಬರಿಗೈ.

ನನ್ನ ಸಲಹೆ ಎದೆಯ ಹೋಲ್‌ಸ್ಟರ್. ಅಲಾಸ್ಕದ ಬೇಟೆಯ ಗೈಡುಗಳೂ ಮೀನು ಹಿಡಿಯುವವರೂ ಬಹಳ ಮಂದಿ ಇದನ್ನೇ ತೊಡುತ್ತಾರೆ. ಆಂಕರೇಜಿಗೆ ಹತ್ತಿರದ ವಸಿಲ್ಲಾದಲ್ಲಿ ಡೈಮಂಡ್ ಡಿ ಎಂಬವರು ಇಂಥದ್ದನ್ನು ಚರ್ಮದಲ್ಲಿ ಹೊಲಿಯುತ್ತಾರೆ. ರಿವಾಲ್ವರ್ ಎದೆಮೂಳೆಯ ಕೆಳಗೆ ಓರೆಯಾಗಿ ಕೂರುತ್ತದೆ. ಒಂದು ಪಟ್ಟಿ ಭುಜದ ಮೇಲೆ, ಇನ್ನೊಂದು ಬೆನ್ನು ಸುತ್ತಿ. ಭುಜಕ್ಕೆ ಭಾರ ಹಂಚುವ ಉಪಾಯ ನಮ್ಮ ದೇಶದವರಿಗೆ ಹೊಸದಲ್ಲ. 1858ರಲ್ಲಿ ಉತ್ತರ ಭಾರತದ ಕಾಳಗದಲ್ಲಿ ಎಡಗೈ ಕಳೆದುಕೊಂಡ ಸ್ಯಾಮ್ ಬ್ರೌನ್ ಎಂಬ ಬ್ರಿಟಿಷ್ ಅಧಿಕಾರಿ, ಒಂಟಿಕೈಯಲ್ಲಿ ಕತ್ತಿ ಹಿರಿಯಲು ಅನುಕೂಲವಾಗಲೆಂದು ಸೊಂಟದ ಬೆಲ್ಟಿಗೆ ಭುಜದ ಪಟ್ಟಿಯೊಂದನ್ನು ಸೇರಿಸಿಕೊಂಡ. ನಮ್ಮ ಪೊಲೀಸ್ ಅಧಿಕಾರಿಗಳು ಪರೇಡಿಗೆ ತೊಡುವ ಕ್ರಾಸ್ ಬೆಲ್ಟ್ ಅದೇ.

ಎದೆಯ ಹೋಲ್‌ಸ್ಟರಿಗೂ ದೋಷ ಇಲ್ಲದಿಲ್ಲ. ನಳಿಗೆ ನಿನ್ನ ಎಡಕ್ಕೆ ಮುಖ ಮಾಡಿರುತ್ತದೆ. ದೋಣಿಯಲ್ಲಿ, ಹೆಲಿಕಾಪ್ಟರಿನಲ್ಲಿ ಎಡಗಡೆ ಕೂತವರ ನೆನಪಿರಲಿ. ತೆಗೆಯುವಾಗ ನಿನ್ನದೇ ಎಡಗೈ ಅದರ ಮುಂದೆ ಬರಬಾರದು. ಇದನ್ನು ಬಲ್ಲವರ ಎದುರು ಕಲಿ. ಬ್ಯಾಗಿನ ಎದೆಪಟ್ಟಿಯೂ ದುರ್ಬೀನೂ ಹಿಡಿಗೆ ಅಡ್ಡ ಬರದ ಹಾಗೆ ಪಟ್ಟಿಗಳ ಅಳತೆ ಹೊಂದಿಸು. ಮಳೆ ಕೋಟಿನ ಮೇಲೆ ಒಂದಳತೆ, ಬರೀ ಅಂಗಿಯ ಮೇಲೆ ಇನ್ನೊಂದಳತೆ.

ಚರ್ಮವೋ ಕೈಡೆಕ್ಸೋ ಎಂದರೆ, ದಿನವೂ ನೆನೆಯುವವರಿಗೆ ಕೈಡೆಕ್ಸ್. ಅದು ಕಾಯಿಸಿ ಅಚ್ಚಿಗೊತ್ತಿದ ಪ್ಲಾಸ್ಟಿಕ್; ನೀರು ಕುಡಿಯುವುದಿಲ್ಲ, ಆಕಾರ ಕೆಡುವುದಿಲ್ಲ, ಮೈಗೆ ಮಾತ್ರ ಒರಟು. ಚರ್ಮ ಮೈಗೆ ಒಗ್ಗುತ್ತದೆ, ಆದರೆ ಆರೈಕೆ ಕೇಳುತ್ತದೆ. ಮರದ ತೊಗಟೆಯಲ್ಲಿ ಹದ ಮಾಡಿದ್ದನ್ನೇ ಕೇಳಿ ತಗೋ. ನಮ್ಮ ಕಡೆ ತಂಗಡಿ ತೊಗಟೆಯಲ್ಲಿ ಹದ ಮಾಡುತ್ತಿದ್ದರಲ್ಲ, ಅಂಥದ್ದು. ನೆನೆದದ್ದನ್ನು ಒಲೆಯ ಹತ್ತಿರ ಇಟ್ಟರೆ ಸೆಟೆದು ಬಿರಿಯುತ್ತದೆ, ನೆರಳಲ್ಲಿ ಒಣಗಿಸು. ರಾತ್ರಿ ರಿವಾಲ್ವರನ್ನು ಒದ್ದೆ ಚರ್ಮದೊಳಗೆ ಬಿಡಬೇಡ, ತುಕ್ಕು ಹಿಡಿಯುತ್ತದೆ.

ಯಾವುದೇ ಆಗಲಿ, ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಪೊದೆಯ ಕಡ್ಡಿ ಒಳಗೆ ತೂರಬಾರದು. ಹ್ಯಾಮರಿನ ಮೇಲೆ ಬರುವ ಪಟ್ಟಿಯ ಗುಂಡಿ ಹೆಬ್ಬೆರಳಿನ ಒಂದೇ ತಳ್ಳಿಗೆ ಬಿಚ್ಚಿಕೊಳ್ಳಬೇಕು. ಚಳಿಯ ಕೈಗವಸು ಹಾಕಿಕೊಂಡೇ ಪರೀಕ್ಷಿಸು.

ಕರಡಿ ಸ್ಪ್ರೇಯನ್ನು, ಅಂದರೆ ಕರಡಿಯ ಮುಖಕ್ಕೆ ಸಿಂಪಡಿಸುವ ಖಾರದ ದ್ರವದ ಡಬ್ಬಿಯನ್ನು, ಮರೆಯಬೇಡ. ಅಲಾಸ್ಕದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ ಪ್ರಕರಣಗಳನ್ನು ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಜೊತೆಗಾರರು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಕಂದು ಕರಡಿಗಳ ಮೇಲೆ ಬಳಸಿದಾಗ ಶೇಕಡಾ 92ರಷ್ಟು ಸಲ ಅವುಗಳ ಉಪಟಳ ನಿಂತಿತ್ತು. ಸ್ಪ್ರೇಗೆ ರಿವಾಲ್ವರಿನಷ್ಟು ಗುರಿಯ ಅಭ್ಯಾಸ ಬೇಡ. ಎದೆಯ ಹೋಲ್‌ಸ್ಟರಿನ ಇನ್ನೊಂದು ಲಾಭ ಇದೇ: ಸೊಂಟ ಖಾಲಿ ಇರುತ್ತದೆ, ಸ್ಪ್ರೇ ಡಬ್ಬಿ ಅಲ್ಲಿ ಕೂರುತ್ತದೆ. ಎರಡರಲ್ಲಿ ಒಂದನ್ನೇ ಒಯ್ಯುವ ದಿನ ಬಂದರೆ ಸ್ಪ್ರೇ ಒಯ್ಯಿ.

ಈಗ ಮಾಡಬೇಕಾದ ಕೆಲಸ. ಅಂಗಡಿಗೆ ಹೋಗುವಾಗ ಕಾಡಿಗೆ ಒಯ್ಯುವ ಬ್ಯಾಗನ್ನೇ, ಕಲ್ಲೋ ಅಕ್ಕಿಯೋ ತುಂಬಿ, ಬೆನ್ನಿಗೇರಿಸಿಕೊಂಡು ಹೋಗು. ಅಂಗಡಿಯವರು ನಗಲಿ. ಹೋಲ್‌ಸ್ಟರ್ ತೊಟ್ಟು ಬಗ್ಗು, ಕುಕ್ಕರಗಾಲಲ್ಲಿ ಕೂರು, ಮೆಟ್ಟಿಲು ಹತ್ತು. ಕೊಂಡ ಮೇಲೆ ಗುಂಡು ಹಾಕದ ರಿವಾಲ್ವರ್ ಇಟ್ಟು ಮನೆಯಲ್ಲೇ ಒಂದು ಇಡೀ ದಿನ ತೊಟ್ಟಿರು. ಅಡುಗೆ ಮಾಡು, ಕಸ ಗುಡಿಸು. ಎಲ್ಲಿ ಒತ್ತಿತು, ಎಲ್ಲಿ ಉಜ್ಜಿತು ಎಂದು ಬರೆದುಕೊಂಡು ನನಗೆ ಕಳಿಸು. ಒಂದು ಪಟ್ಟಿಗೆ ಇನ್ನೊಂದು ತೂತು ಹೊಡೆದರೆ ಸರಿಹೋಗುವ ನೋವೋ, ಹೋಲ್‌ಸ್ಟರನ್ನೇ ಬದಲಿಸಬೇಕಾದ ನೋವೋ ಎಂದು ನೋಡಿ ಹೇಳುತ್ತೇನೆ. ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಬರೆ.

ಇಂತಿ,
ನಿನ್ನ ಸೋದರಮಾವ