ಒಂದು ಪ್ಲೇಟ್ ಏರಿಸಿದರೆ ಎಷ್ಟು ಉಳಿಯುತ್ತದೆ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಇಳಿಸಿ ಊರಿನ ದಾರಿ ಹಿಡಿದ ಖಾಲಿ ಪಿಕಪ್‌ಗಳನ್ನು ಪಕ್ಕದಿಂದ ನೋಡಿದರೆ ಸಾಕು, ಯಾವ ಗಾಡಿಗೆ ಪ್ಲೇಟ್ ಏರಿಸಿದ್ದಾರೆ ಎಂದು ಹೇಳಿಬಿಡಬಹುದು. ಏರಿಸಿದ ಗಾಡಿಯ ಹಿಂಭಾಗ ಎತ್ತಿಕೊಂಡು, ಮೂತಿ ನೆಲದ ಕಡೆ ಬಾಗಿರುತ್ತದೆ. ಹಂಪ್ ಮೇಲೆ ಹತ್ತಿ ಇಳಿದಾಗ ಹಿಂದಿನ ಡೋರ್ ಕಟಕಟ ಎನ್ನುತ್ತದೆ. ಹಿಂದಿನ ಸ್ಪ್ರಿಂಗ್ ಕಟ್ಟಿನಲ್ಲಿ ಕಂಪನಿ ಕೊಟ್ಟದ್ದಕ್ಕಿಂತ ಒಂದೋ ಎರಡೋ ಪ್ಲೇಟ್ ಹೆಚ್ಚಿಗೆ ಸೇರಿಸಿರುವುದರ ಗುರುತು ಅದು. ಪಿಕಪ್ ಕೊಂಡವರಿಗೆ ಮೊದಲ ವರ್ಷದಲ್ಲೇ ಸಿಗುವ ಸಲಹೆಯೂ ಅದೇ.

ಈ ಅಂಕಣಕಾರನ ತಮ್ಮ ಶ್ರೀನಿವಾಸಪುರದ ಕಡೆ ಬೇಸಾಯ ಮಾಡುತ್ತಾನೆ. ಮಾವಿನ ಕಾಲದಲ್ಲಿ ಮಾವು, ಉಳಿದ ಕಾಲದಲ್ಲಿ ಟೊಮೆಟೊ, ನಡುವೆ ಅಕ್ಕಪಕ್ಕದವರ ಬಾಡಿಗೆ. ಅವನ ಪಿಕಪ್ ಲೋಡ್ ಹಾಕಿದಾಗ ಬಲಗಡೆಗೆ ವಾಲತೊಡಗಿತು. ಗುಂಡಿಗೆ ಬಿದ್ದರೆ ಹಿಂದಿನಿಂದ ‘ದಡ್’ ಎಂಬ ಸದ್ದು. ಗ್ಯಾರೇಜಿನವರು ಒಂದು ಸುತ್ತು ಬಗ್ಗಿ ನೋಡಿ, “ಅಣ್ಣಾ, ಎರಡೂ ಕಡೆ ಹೊಸ ಸೆಟ್ ಹಾಕಿ ಒಂದೊಂದು ಪ್ಲೇಟ್ ಏರಿಸಿಬಿಡೋಣ, ಆಮೇಲೆ ಎಷ್ಟು ಬೇಕಾದ್ರೂ ತುಂಬಿ” ಎಂದರು. ಶಾಕ್ ಅಬ್ಸಾರ್ಬರ್, ಕೂಲಿ ಎಲ್ಲ ಸೇರಿ ಹತ್ತೊಂಬತ್ತು ಸಾವಿರ ರೂಪಾಯಿಯ ಲೆಕ್ಕ ಕೊಟ್ಟರು. ಅಣ್ಣತಮ್ಮಂದಿರು ಆ ಹಣ ಕೊಡುವ ಮೊದಲು ಕೂತು ಲೆಕ್ಕ ಹಾಕಿದರು. ಈ ಅಂಕಣದಲ್ಲಿ ಇರುವುದು ಆ ಲೆಕ್ಕ.

ಮೊದಲು ತೆಗೆಯಬೇಕಾದದ್ದು ಸ್ಪ್ಯಾನರ್ ಅಲ್ಲ, ಆರ್‌ಸಿ. ಅದರಲ್ಲಿ ಎರಡು ತೂಕಗಳಿರುತ್ತವೆ: ಖಾಲಿ ಗಾಡಿಯ ತೂಕ ಮತ್ತು ಲೋಡ್ ಸಮೇತ ನೋಂದಾಯಿತ ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಬರುವುದು ಗಾಡಿ ಹೊರಬಹುದಾದ ಭಾರ. ಚಾಲಕ, ಕ್ಲೀನರ್, ಮೇಲೆ ಕಟ್ಟಿದ ಟಾರ್ಪಾಲು ಎಲ್ಲವೂ ಅದರೊಳಗೇ ಬರಬೇಕು. ಕೋಲಾರದಲ್ಲಿ ಟೊಮೆಟೊ ಬೆಲೆ ಹೇಳುವುದು 15 ಕೆ.ಜಿ. ಪೆಟ್ಟಿಗೆಯ ಲೆಕ್ಕದಲ್ಲಿ. 1,300 ಕೆ.ಜಿ. ಹೊರುವ ಪಿಕಪ್‌ಗೆ ಬರೀ ಹಣ್ಣಿನ ತೂಕ ಹಿಡಿದರೂ 86 ಪೆಟ್ಟಿಗೆಗೆ ಲೆಕ್ಕ ಮುಗಿಯುತ್ತದೆ. ಕ್ರೇಟಿನ ತೂಕ ಸೇರಿಸಿದರೆ ಎಂಬತ್ತಕ್ಕಿಂತ ಕೆಳಗೇ ನಿಲ್ಲಬೇಕು. ಹೊಸ ಪ್ಲೇಟ್ ಸೇರಿಸಿದ ಮಾತ್ರಕ್ಕೆ ಆರ್‌ಸಿಯ ಅಂಕಿ ಬದಲಾಗುವುದಿಲ್ಲ.

ಬದಲಾಗದಿದ್ದರೇನು, ತುಂಬಿದರೆ ಗಾಡಿ ತಡೆಯುತ್ತದಲ್ಲ ಎಂಬ ಮಾತು ಸಾಮಾನ್ಯ. ಅದನ್ನು ರೂಪಾಯಿಯಲ್ಲೇ ತೂಗಬೇಕು. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಿತಿಮೀರಿದ ಲೋಡಿಗೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ, ಜೊತೆಗೆ ಹೆಚ್ಚಿನ ಸರಕು ಇಳಿಸುವ ಖರ್ಚು. ಪೆಟ್ಟಿಗೆಗೆ 20 ರೂಪಾಯಿ ಬಾಡಿಗೆ ಎಂದೇ ಇಟ್ಟುಕೊಳ್ಳೋಣ. ಮಿತಿ ಮೀರಿ ಹತ್ತು ಪೆಟ್ಟಿಗೆ ಹೆಚ್ಚಿಗೆ ಹೇರಿದರೆ ಒಂದು ಟ್ರಿಪ್ಪಿಗೆ ಸಿಗುವುದು 200 ರೂಪಾಯಿ. ಒಂದೇ ಒಂದು ಬಾರಿ ಸಿಕ್ಕಿಬಿದ್ದರೂ ಅಂಥ ನೂರು ಟ್ರಿಪ್ಪಿನ ದುಡಿಮೆ ದಂಡಕ್ಕೆ ಹೋಗುತ್ತದೆ. ಸೀಸನ್ನಿನಲ್ಲಿ ಮಾತ್ರ ಮಂಡಿಗೆ ಓಡುವ ರೈತನಿಗೆ ನೂರು ಟ್ರಿಪ್ ಎಂದರೆ ಸಣ್ಣ ಮಾತಲ್ಲ.

ಬದಲಾವಣೆಯ ವಿಷಯದಲ್ಲೂ ಕಾನೂನು ಸಡಿಲವಾಗಿಲ್ಲ. ಕಂಪನಿಯ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನ ಮೇಲೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಲು 182ಎ ಸೆಕ್ಷನ್‌ನಲ್ಲಿ ಅವಕಾಶವಿದೆ. ಸವೆದ ಭಾಗದ ಜಾಗಕ್ಕೆ ಅದೇ ಅಳತೆಯ ಹೊಸದನ್ನು ಹಾಕುವುದು ರಿಪೇರಿ. ಅಳತೆಯನ್ನೇ ಬದಲಿಸುವುದು ಬೇರೆ ವಿಷಯ.

ಇನ್ನು ಆ ಪ್ಲೇಟ್ ನಿಜಕ್ಕೂ ಏನು ಮಾಡುತ್ತದೆ ಎಂಬುದು. ಲೀಫ್ ಸ್ಪ್ರಿಂಗಿನ ಬಿಗಿ ಪ್ಲೇಟುಗಳ ಸಂಖ್ಯೆಗೆ ತಕ್ಕಂತೆ ಏರುತ್ತದೆ. ಒಂದೇ ಅಳತೆಯ ಆರು ಪ್ಲೇಟಿನ ಕಟ್ಟಿಗೆ ಏಳನೆಯದನ್ನು ಸೇರಿಸಿದರೆ ಬಿಗಿ ಸುಮಾರು ಶೇ 17 ಹೆಚ್ಚು. ಆದರೆ ದಪ್ಪದ ಲೆಕ್ಕ ಹಾಗಿಲ್ಲ, ಅದು ಘನದಲ್ಲಿ ಏರುತ್ತದೆ. 8 ಮಿ.ಮೀ. ಪ್ಲೇಟಿನ ಜಾಗದಲ್ಲಿ 9 ಮಿ.ಮೀ. ಹಾಕಿದರೆ ಆ ಪ್ಲೇಟಿನ ಬಿಗಿ ಶೇ 42 ಏರುತ್ತದೆ! ಗುಜರಿಯಲ್ಲಿ ಸಿಕ್ಕ ಬೇರೆ ಗಾಡಿಯ ದಪ್ಪ ಪ್ಲೇಟನ್ನು ಕತ್ತರಿಸಿ ಕೂರಿಸುವವರು ಈ ಒಂದು ಮಿಲಿಮೀಟರಿನ ಬೆಲೆಯನ್ನು ತಿಳಿದಿರಬೇಕು. ಬಿಗಿ ಹೆಚ್ಚಿದರೆ ಗಾಡಿ ಕಡಿಮೆ ಕುಸಿಯುತ್ತದೆ, ಅಷ್ಟೇ. ಆಕ್ಸಲ್, ಹಬ್ಬಿನ ಬೇರಿಂಗ್, ಬ್ರೇಕ್ ಡ್ರಮ್, ಚಾಸಿ ಎಲ್ಲ ಹಳೆಯವೇ. ಟೈರಿನ ಪಕ್ಕದಲ್ಲಿ 106 ಎಂದು ಲೋಡ್ ಸಂಖ್ಯೆ ಇದ್ದರೆ ಅದು ಹೊರುವುದು 950 ಕೆ.ಜಿ., ಅಂದರೆ ಹಿಂದಿನ ಎರಡು ಟೈರ್ ಸೇರಿ 1,900 ಕೆ.ಜಿ. ಅದರಲ್ಲಿ ಗಾಡಿಯ ಸ್ವಂತ ಭಾರವೂ ಸೇರಿದೆ. ಗಾಡಿ ಕುಸಿಯದೆ ನೆಟ್ಟಗೆ ನಿಂತಿದೆ ಎಂದು ಟೈರಿನ ಮೇಲಿನ ಭಾರ ಇಳಿಯುವುದಿಲ್ಲ.

ಅಮೆರಿಕದಲ್ಲಿ ಪಿಕಪ್ ಇಟ್ಟುಕೊಂಡವರು ಆಕ್ಸಲ್ ಮತ್ತು ಚಾಸಿ ನಡುವೆ ಗಾಳಿಚೀಲ ಅಥವಾ ರಬ್ಬರ್ ಸ್ಪ್ರಿಂಗ್ ಕೂರಿಸಿಕೊಳ್ಳುತ್ತಾರೆ. ಮನೆಯ ಅಂಗಳದಲ್ಲೇ ಮಾಡಬಹುದಾದ ಕೆಲಸವೆಂದು ಅದು ಅಲ್ಲಿ ಜನಪ್ರಿಯ. ಅವನ್ನು ತಯಾರಿಸುವ ಕಂಪನಿಗಳೇ ಇದರಿಂದ ವಾಹನದ ಒಟ್ಟು ತೂಕದ ಮಿತಿ ಏರುವುದಿಲ್ಲ ಎಂದು ಎಚ್ಚರಿಸುತ್ತವೆ. ನಮ್ಮ ಗ್ಯಾರೇಜುಗಳಲ್ಲೂ ಆ ಒಂದು ವಾಕ್ಯ ಬರೆದು ಹಾಕಿದರೆ ಎಷ್ಟೋ ರೈತರ ಹಣ ಉಳಿದೀತು.

ಟೊಮೆಟೊ ಹೇರುವವರಿಗೆ ಮತ್ತೊಂದು ಲೆಕ್ಕವಿದೆ. ಅತಿ ಬಿಗಿಯಾದ ಸ್ಪ್ರಿಂಗ್ ಅರ್ಧ ಲೋಡಿನಲ್ಲಿ ಬಗ್ಗುವುದೇ ಇಲ್ಲ. ರಸ್ತೆಯ ಪೆಟ್ಟೆಲ್ಲ ಸೀದಾ ಕ್ರೇಟಿಗೆ. ತಳದ ಸಾಲಿನ ಹಣ್ಣು ಜಜ್ಜಿ ನೀರು ಬಿಟ್ಟರೆ ಹರಾಜಿನಲ್ಲಿ ಇಡೀ ಲಾಟಿನ ಬೆಲೆ ಬೀಳುತ್ತದೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಪೆಟ್ಟಿಗೆಗೆ 2,000 ರೂಪಾಯಿ ದಾಟಿತ್ತು. ಅಂಥ ದಿನಗಳಲ್ಲಿ ಜಜ್ಜಿಹೋದ ಒಂದೊಂದು ಪೆಟ್ಟಿಗೆಯೂ ಹತ್ತು ಪೆಟ್ಟಿಗೆಯ ಹೆಚ್ಚುವರಿ ಬಾಡಿಗೆಯನ್ನು ಹಲವು ಪಟ್ಟು ಮೀರಿದ ನಷ್ಟ.

ಬ್ರೇಕಿನ ವಿಷಯ ಹಣಕ್ಕಿಂತ ದೊಡ್ಡದು. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಕಡ್ಡಿಯ ಮೂಲಕ ಜೋಡಿಸಿದ ವಾಲ್ವ್ ಇರುತ್ತದೆ. ಗಾಡಿ ಎಷ್ಟು ಕುಸಿದಿದೆ ಎಂಬುದರಿಂದ ಅದು ಲೋಡನ್ನು ಅಂದಾಜು ಮಾಡಿ ಹಿಂದಿನ ಚಕ್ರಗಳಿಗೆ ಬ್ರೇಕಿನ ಒತ್ತಡ ಹಂಚುತ್ತದೆ. ಪ್ಲೇಟ್ ಏರಿಸಿ ಹಿಂಭಾಗ ಎತ್ತಿದರೆ ತುಂಬಿದ ಗಾಡಿಯೂ ಅದಕ್ಕೆ ಖಾಲಿಯಂತೆ ಕಾಣುತ್ತದೆ, ಹಿಂದಿನ ಬ್ರೇಕ್ ಹಿಡಿಯಬೇಕಾದಷ್ಟು ಹಿಡಿಯುವುದಿಲ್ಲ. ಲೋಡ್ ಗಾಡಿಯಲ್ಲಿ ಇಳಿಜಾರಿಗೆ ಬಂದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ತಮ್ಮನ ಗಾಡಿಗೆ ಬೇಕಾದದ್ದೇನು? ಸಮತಟ್ಟಾದ ಕಣದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಡುವಿನಿಂದ ಬಾಡಿಯ ಅಂಚಿನವರೆಗೆ ಎರಡೂ ಕಡೆ ಟೇಪು ಹಿಡಿದದ್ದು ಮೊದಲ ಪರೀಕ್ಷೆ. ಬಲಗಡೆ ಎರಡು ಬೆರಳಷ್ಟು ತಗ್ಗಿತ್ತು. ಆ ಕಡೆಯ ಕಟ್ಟಿನಲ್ಲಿ ಒಂದು ಪ್ಲೇಟ್ ಬಿರುಕುಬಿಟ್ಟಿತ್ತು, ಉಳಿದವು ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು. ಶಾಕ್ ಅಬ್ಸಾರ್ಬರ್‌ಗಳ ಮೈಮೇಲೆ ಎಣ್ಣೆ ಸೋರಿ ಧೂಳು ಮೆತ್ತಿತ್ತು. ಶಾಕ್ ಭಾರ ಹೊರುವುದಿಲ್ಲ. ಸ್ಪ್ರಿಂಗಿನ ಕುಣಿತವನ್ನು ಹಿಡಿದು ಅದನ್ನು ಬಿಸಿಯಾಗಿ ಬಿಟ್ಟುಕೊಡುವುದು ಅದರ ಕೆಲಸ. ಅದು ಸತ್ತರೆ ಗಾಡಿ ಪ್ರತಿ ಗುಂಡಿಗೂ ತಳ ಹೊಡೆಯುತ್ತದೆ, ಮಾಲೀಕ ಸ್ಪ್ರಿಂಗ್ ಸೋತಿತೆಂದು ತಿಳಿಯುತ್ತಾನೆ. ಷಾಕಲ್ಲಿನ ರಬ್ಬರ್ ಬುಷ್‌ಗಳೂ ತಿಂದುಹೋಗಿದ್ದವು, ‘ದಡ್’ ಎನ್ನುತ್ತಿದ್ದದ್ದು ಅವೇ. ಇದರಲ್ಲಿ ಹೆಚ್ಚುವರಿ ಪ್ಲೇಟ್ ಕೇಳುವ ರೋಗ ಒಂದೂ ಇರಲಿಲ್ಲ.

ಕೆಲಸವನ್ನು ಎರಡು ಪಾಲು ಮಾಡಿದರು. ಬಿಚ್ಚುವುದು, ಜೋಡಿಸುವುದು, ಶಾಕ್ ಮತ್ತು ಬುಷ್ ಬದಲಿಸುವುದು ಮನೆಯಲ್ಲಿ. ಪ್ಲೇಟಿಗೆ ಬಾಗು ಕೊಡುವುದು, ಬಿರುಕಿನ ಪ್ಲೇಟಿಗೆ ಅದೇ ದಪ್ಪದ, ಅದೇ ಅಗಲದ ಬದಲಿ ಕೊಡುವುದು ಸ್ಪ್ರಿಂಗ್ ಅಂಗಡಿಯಲ್ಲಿ. ಕಾಯಿಸಿ ಹದ ಹಾಕುವ ಉಕ್ಕಿನ ಕೆಲಸವನ್ನು ಅಂಗಳದಲ್ಲಿ ಮಾಡಬಾರದು. ಪ್ಲೇಟಿಗೆ ವೆಲ್ಡಿಂಗ್ ಅಂತೂ ಬೇಡವೇ ಬೇಡ, ಹದ ಕೆಟ್ಟು ಅದೇ ಜಾಗದಲ್ಲಿ ಮುರಿಯುತ್ತದೆ.

ಮನೆಯ ಪಾಲಿನಲ್ಲಿ ಅವಸರಕ್ಕೆ ಜಾಗವಿಲ್ಲ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಬೇಕು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಆಕ್ಸಲ್ಲಿನ ಭಾರವನ್ನು ಬೇರೆ ಜಾಕಿನಲ್ಲಿ ಹಿಡಿಯಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಕೂಡದು. ಸ್ಪ್ರಿಂಗ್ ಕಟ್ಟಿನ ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಪ್ಲೇಟುಗಳನ್ನು ಕ್ಲಾಂಪಿನಲ್ಲಿ ಬಿಗಿಯಬೇಕು, ಇಲ್ಲವಾದರೆ ಅವು ಸಿಡಿಯುತ್ತವೆ. ಯು-ಬೋಲ್ಟ್ ಒಮ್ಮೆ ಬಿಗಿದಾಗ ಎಳೆದುಕೊಂಡಿರುತ್ತದೆ, ಹಳೆಯದನ್ನು ಮತ್ತೆ ಬಳಸದೆ ಹೊಸದನ್ನೇ ಹಾಕಬೇಕು. ನಟ್ಟುಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಬಹಳ ಜನ ಬಿಟ್ಟುಬಿಡುವ ಒಂದು ಸಂಗತಿ: ರಬ್ಬರ್ ಬುಷ್ಷಿನ ಬೋಲ್ಟನ್ನು ಕೊನೆಯ ಬಿಗಿ ಹಾಕುವುದು ಚಕ್ರ ನೆಲಕ್ಕಿಳಿದು ಗಾಡಿಯ ಭಾರ ಅದರ ಮೇಲೆ ಕೂತ ನಂತರ. ಗಾಳಿಯಲ್ಲಿ ತೂಗುವಾಗಲೇ ಬಿಗಿದರೆ, ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಈಗ ಬಿಲ್. ಜೊತೆ ಶಾಕ್‌ಗೆ 2,400 ರೂಪಾಯಿ, ಬುಷ್ ಮತ್ತು ಪಿನ್ನುಗಳಿಗೆ 600, ಯು-ಬೋಲ್ಟುಗಳಿಗೆ 700, ಸ್ಪ್ರಿಂಗ್ ಅಂಗಡಿಗೆ 2,200. ಒಟ್ಟು 5,900. ಇದರ ಜೊತೆಗೆ ಸ್ಟ್ಯಾಂಡ್‌ಗಳಿಗೆ 1,800, ಟಾರ್ಕ್ ರೆಂಚಿಗೆ 2,500. ಎಲ್ಲ ಸೇರಿ 10,200. ಸಲಕರಣೆಯ 4,300 ರೂಪಾಯಿಯನ್ನು ಈ ಒಂದು ಕೆಲಸದ ಲೆಕ್ಕಕ್ಕೇ ಪೂರ್ತಿ ಹಾಕಬೇಕಿಲ್ಲ. ಟ್ರ್ಯಾಕ್ಟರ್ ಇರುವ ಮನೆಯಲ್ಲಿ ಅವು ಮೂಲೆ ಸೇರುವುದಿಲ್ಲ. ವರ್ಷಕ್ಕೊಮ್ಮೆಯೂ ಗಾಡಿಯ ಕೆಳಗೆ ಇಳಿಯದವರು ಸಲಕರಣೆ ಕೊಳ್ಳುವ ಬದಲು ಪರಿಚಯದ ಗ್ಯಾರೇಜಿಗೆ ಕೂಲಿ ಕೊಡುವುದೇ ಅಗ್ಗ.

ಬಿಡಿಭಾಗ ಕೊಳ್ಳುವವರಿಗೆ ಒಂದು ಅನುಕೂಲ ಈಚೆಗೆ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಶೇ 18ರ ಒಂದೇ ಜಿಎಸ್‌ಟಿ. ಅದುವರೆಗೆ ಶಾಕ್ ಅಬ್ಸಾರ್ಬರ್ ಶೇ 28ರ ಪಟ್ಟಿಯಲ್ಲಿತ್ತು. ತೆರಿಗೆಗೆ ಮೊದಲು 2,000 ರೂಪಾಯಿ ಇರುವ ಜೊತೆ ಶಾಕ್‌ಗೆ ಹಿಂದೆ 2,560 ಆಗುತ್ತಿದ್ದರೆ ಈಗ 2,360. ಅಂಗಡಿಯಲ್ಲಿ ಹಳೆಯ ದರವನ್ನೇ ಹೇಳಿದರೆ ಬಿಲ್ ಕೇಳಿ ತೆರಿಗೆಯ ಸಾಲನ್ನು ನೋಡಬೇಕು. ಆ ಬಿಲ್ ಬೇರೆಡೆಗೂ ಬೇಕು: ಶಾಕ್ ಬೇಗ ಸೋರಿದರೆ ವಾರಂಟಿಗೆ, ಅಪಘಾತವಾದರೆ ವಿಮೆಯವರಿಗೆ ಹಾಕಿದ್ದು ಕಂಪನಿ ಅಳತೆಯದ್ದೇ ಎಂದು ತೋರಿಸಲಿಕ್ಕೆ.

ಎಫ್‌ಸಿಯ ದೃಷ್ಟಿಯಿಂದಲೂ ಪ್ಲೇಟ್ ಏರಿಸದೆ ಕಂಪನಿ ಅಳತೆಗೇ ರಿಪೇರಿ ಮಾಡುವುದು ಲಾಭದ ದಾರಿ. ಸರಕು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಗಾಡಿ ಹಳೆಯದಾದಷ್ಟೂ ತಪಾಸಣೆ ಹೆಚ್ಚು. ಪ್ಲೇಟ್ ಏರಿಸಿಕೊಂಡವರು ಎಫ್‌ಸಿಗೆ ಮುಂಚೆ ಬಿಚ್ಚಿಸಿ, ಮುಗಿದ ಮೇಲೆ ಮತ್ತೆ ಹಾಕಿಸಿದರೆ ಎರಡೂ ಸಲ ಕೂಲಿ ತೆರಬೇಕು.

ತಮ್ಮನ ಗಾಡಿ ಈಗ ಲೋಡಿನಲ್ಲೂ ಸಮವಾಗಿ ನಿಲ್ಲುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದಾಗ ಎಲ್ಲ ನಟ್ಟುಗಳೂ ಸ್ವಲ್ಪ ತಿರುಗಿದವು. ಹೊಸ ಬೋಲ್ಟ್ ಹಾಕಿದಾಗ ಹಾಗಾಗುವುದು ಸಹಜ. ಗ್ಯಾರೇಜಿನ ಲೆಕ್ಕಕ್ಕೂ ಮನೆಯ ಖರ್ಚಿಗೂ ನಡುವೆ ಉಳಿದ 8,800 ರೂಪಾಯಿಯನ್ನು ಹಿಂದಿನ ಟೈರುಗಳಿಗೆ ಎತ್ತಿಟ್ಟಿದ್ದಾನೆ. ಶಾಕ್ ಸೋತಿದ್ದ ತಿಂಗಳುಗಳಲ್ಲಿ ಅವು ಅಲ್ಲಲ್ಲಿ ಗುಳಿ ಬಿದ್ದು ಸವೆದಿವೆ, ಮಾವಿನ ಸೀಸನ್ನಿಗೆ ಮೊದಲು ಬದಲಿಸಬೇಕು.