ಹೃದಯಾಘಾತಕ್ಕೆ ಚಿಕಿತ್ಸೆ, ಸೂಜಿ ಮಾತ್ರ ಮಣಿಕಟ್ಟಿಗೆ! ಏಕೆ?



ನಮ್ಮ ವೈದ್ಯಕೀಯ ಸಹಾಯ ನಿಧಿಗೆ ಬರುವ ಅರ್ಜಿಗಳಲ್ಲಿ ತುರ್ತು ಆಂಜಿಯೋಪ್ಲಾಸ್ಟಿಯವೂ ಇರುತ್ತವೆ. "ಎದೆಯ ಕಾಯಿಲೆಗೆ ಕೈಗೇಕೆ ಸೂಜಿ?" ಎಂದು ಮನೆಯವರು ಸಹಿ ಹಾಕಲು ಹಿಂದೆಮುಂದೆ ನೋಡುವುದುಂಟು. ಅವರಿಗಾಗಿ ಈ ನಾಲ್ಕು ಮಾತು.

ಮುಚ್ಚಿದ ರಕ್ತನಾಳ ತೆರೆಯಲು ಸಣ್ಣ ನಳಿಕೆಯೊಂದನ್ನು ಹೃದಯದವರೆಗೆ ಕಳುಹಿಸಬೇಕು. ಹಿಂದೆ ಅದು ಹೆಚ್ಚಾಗಿ ತೊಡೆಸಂದಿನಿಂದಲೇ ಹೋಗುತ್ತಿತ್ತು. ಮಣಿಕಟ್ಟಿನ ದಾರಿಯಲ್ಲಿ ಹೃದಯದ ರಕ್ತನಾಳಗಳ ಪರೀಕ್ಷೆ ನಡೆಸಿ 1989ರಲ್ಲಿ ವರದಿ ಮಾಡಿದವರು ಕೆನಡಾದ ಡಾ. ಲೂಸಿಯನ್ ಕ್ಯಾಂಪೋ. 1992ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಡಾ. ಕೀಮನೈ ಅದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿಯನ್ನೂ ಮಾಡಿದರು.

ಲಾಭವಿರುವುದು ರಕ್ತಸ್ರಾವದ ವಿಷಯದಲ್ಲಿ. ಹೃದಯಾಘಾತವಾದವರಿಗೆ ಆಸ್ಪಿರಿನ್, ಹೆಪಾರಿನ್ ಮುಂತಾದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳನ್ನು ಒಟ್ಟೊಟ್ಟಿಗೆ ಕೊಟ್ಟಿರುತ್ತಾರೆ. ತೊಡೆಸಂದಿನ ನಾಳ ದೊಡ್ಡದು, ಆಳದಲ್ಲಿದೆ. ಅಲ್ಲಿಂದ ಸೋರಿದ ರಕ್ತ ಹೊಟ್ಟೆಯ ಹಿಂಭಾಗದಲ್ಲಿ ಕಣ್ಣಿಗೆ ಬೀಳದೆ ಶೇಖರವಾಗಬಹುದು. ವೈದ್ಯರು ನಾಡಿ ನೋಡುವ ಜಾಗದ ನಾಳವಾದರೋ ಚರ್ಮದ ಕೆಳಗೇ, ಮೂಳೆಯ ಮೇಲೆ ಇದೆ. ಒಂದು ಪಟ್ಟಿ ಬಿಗಿದರೆ ರಕ್ತ ನಿಲ್ಲುತ್ತದೆ. ಅಂಗೈಗೆ ರಕ್ತ ತರುವ ಇನ್ನೊಂದು ನಾಳವೂ ಉಂಟು. ರೋಗಿ ಬೇಗ ಎದ್ದು ಕೂರಬಹುದು. ರಕ್ತ ಕೊಡಿಸುವ, ಹೆಚ್ಚು ದಿನ ಐಸಿಯುನಲ್ಲಿಡುವ ಪ್ರಮೇಯ ತಪ್ಪಿದರೆ ಬಿಲ್ಲಿನ ಭಾರವೂ ಇಳಿಯುತ್ತದೆ. ನೆರವು ಕೊಡುವ ನಮಗೆ ಇದು ಸಣ್ಣ ಮಾತಲ್ಲ.

ಇಟಲಿಯಲ್ಲಿ 1001 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 30 ದಿನಗಳೊಳಗಿನ ಹೃದಯ ಸಂಬಂಧಿ ಸಾವು ತೊಡೆಸಂದಿನ ಗುಂಪಿನಲ್ಲಿ ಶೇ. 9.2, ಮಣಿಕಟ್ಟಿನ ಗುಂಪಿನಲ್ಲಿ ಶೇ. 5.2. ಆದರೆ 2020ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇಂದಿನ ಅಮೆರಿಕ, ಯುರೋಪಿನ ಮಾರ್ಗಸೂಚಿಗಳು ಮಣಿಕಟ್ಟಿಗೇ ಆದ್ಯತೆ ಕೊಡುತ್ತವೆ. ಹಾಗೆಂದು ತೊಡೆಸಂದು ತಪ್ಪು ದಾರಿಯಲ್ಲ: ನಾಡಿಯೇ ಸಿಗದಷ್ಟು ರಕ್ತದೊತ್ತಡ ಕುಸಿದವರಿಗೆ, ಕೈಯ ನಾಳ ತೀರ ಸಣ್ಣದಿರುವವರಿಗೆ, ಡಯಾಲಿಸಿಸ್‌ಗಾಗಿ ಕೈಯ ನಾಳ ಬೇಕಾದವರಿಗೆ ಅದೇ ಸರಿ ಎನಿಸಬಹುದು. ಆ ತೀರ್ಮಾನ ವೈದ್ಯರಿಗೇ ಬಿಡಿ. ಆ ಹೊತ್ತಿನಲ್ಲಿ ವಾದ ಬೇಡ.

ದಾರಿಗಿಂತ ದೊಡ್ಡದು ಸಮಯ. ನಮ್ಮ ತಮಿಳುನಾಡಿನಲ್ಲೇ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಹೃದಯ ಕೇಂದ್ರಗಳಿಗೆ ಜೋಡಿಸಿದ ಯೋಜನೆಯೊಂದರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ವರ್ಷದೊಳಗಿನ ಸಾವು ಶೇ. 17.6ರಿಂದ 14.2ಕ್ಕೆ ಇಳಿದಿತ್ತು.

ಎದೆನೋವು, ಬೆವರು, ಎಡಗೈ ಸೆಳೆತ ಕಂಡರೆ ಗ್ಯಾಸ್ ಎಂದು ಸೋಡಾ ಕುಡಿಸುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಮುಖ್ಯಮಂತ್ರಿ ಆರೋಗ್ಯ ವಿಮೆಯ ಕಾರ್ಡ್, ಹಳೆಯ ಇಸಿಜಿ, ಔಷಧದ ಚೀಟಿ ಇವನ್ನು ಇಂದೇ ಒಂದು ಚೀಲದಲ್ಲಿ ಹಾಕಿಡಿ. ವಿಮೆಯಿಲ್ಲದ ಮನೆಯವರು ಆ ರಾತ್ರಿ ಮುಂಗಡ ಹಣಕ್ಕಾಗಿ ಅಲೆಯದಿರಲೆಂದೇ ಸಹಾಯ ನಿಧಿಗೆ ಈ ಸಲವೂ ನಿಮ್ಮ ಕೊಡುಗೆ ಕೋರುತ್ತಿದ್ದೇವೆ.