ನಸುಕಿನ ಪಾಳಿ ಮತ್ತು ಸುಳ್ಳು ಹೇಳುವ ದೀಪ

ಪ್ರಶ್ನೆ: ನಮ್ಮ ತಂದೆ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. ರಾತ್ರಿ ಪಾಳಿಯಲ್ಲಿ ಮೂರು ಗಂಟೆ ದಾಟಿದರೆ ಎಂಥವನಿಗೂ ತಲೆ ಓಡುವುದಿಲ್ಲ ಎನ್ನುತ್ತಿದ್ದರು. ಕೈಗಾ ಅಣುಸ್ಥಾವರದಲ್ಲಿ ಅದೇ ಹೊತ್ತಿಗೆ ಅಲಾರಾಂ ಹೊಡೆದು, ಆಪರೇಟರ್ ತಪ್ಪು ಗುಂಡಿ ಒತ್ತಿದರೆ ಗತಿಯೇನು? ಮನುಷ್ಯ ಎಷ್ಟು ತಪ್ಪುತ್ತಾನೆಂದು ಲೆಕ್ಕ ಹಾಕಲು ಬರುತ್ತದೆಯೇ?
— ಓದುಗರೊಬ್ಬರು, ಭದ್ರಾವತಿ

ಉತ್ತರ: ಲೆಕ್ಕವನ್ನೇನೋ ಹಾಕುತ್ತಾರೆ. ಅಮೆರಿಕದ ಸ್ವೇನ್ ಮತ್ತು ಗಟ್‌ಮನ್ 1983ರಲ್ಲಿ ಇದಕ್ಕೊಂದು ದಪ್ಪ ಕೈಪಿಡಿಯನ್ನೇ ಬರೆದರು. ಅನಿರೀಕ್ಷಿತ ತೊಂದರೆ ಎದುರಾದಾಗ ಅದೇನೆಂದು ಕಂಟ್ರೋಲ್ ರೂಮಿನವರಿಗೆ ಮೊದಲ ನಿಮಿಷದಲ್ಲಿ ತಿಳಿಯುವುದೇ ಇಲ್ಲ ಎಂದು ಅವರ ಕೋಷ್ಟಕ ಹಿಡಿಯುತ್ತದೆ. ಹತ್ತು ನಿಮಿಷಕ್ಕೆ ಎಡವುವ ಸಂಭವ ಹತ್ತರಲ್ಲಿ ಒಂದು, ಇಪ್ಪತ್ತಕ್ಕೆ ನೂರರಲ್ಲಿ ಒಂದು, ಅರ್ಧ ಗಂಟೆಗೆ ಸಾವಿರದಲ್ಲಿ ಒಂದು. ಅಂಕಿಗಳು ಇಷ್ಟು ದುಂಡಗಿರುವುದನ್ನು ಕಂಡರೇ ಗೊತ್ತಾಗುತ್ತದೆ, ಇವು ಬಹುಮಟ್ಟಿಗೆ ಅನುಭವಿಗಳ ಅಂದಾಜು. ಆದರೂ ಅದರಿಂದ ಬಂದ ಪಾಠ ಗಟ್ಟಿಯಾದದ್ದು: ಮೊದಲ ಹೊತ್ತನ್ನು ಮನುಷ್ಯನ ಕೈಗೆ ಬಿಡಬೇಡಿ. ಕೈಗಾದಲ್ಲಿ ಯಾರೂ ಗುಂಡಿ ಮುಟ್ಟದಿದ್ದರೂ ಕ್ಯಾಡ್ಮಿಯಂ ಸರಳುಗಳು ಕೆಲವೇ ಸೆಕೆಂಡುಗಳಲ್ಲಿ ತಮ್ಮ ತೂಕದಿಂದಲೇ ಒಳಗಿಳಿದು ರಿಯಾಕ್ಟರನ್ನು ನಿಲ್ಲಿಸುತ್ತವೆ. ಅವು ಕೈಕೊಟ್ಟರೆ ದ್ರವರೂಪದ ಇನ್ನೊಂದು ವ್ಯವಸ್ಥೆಯಿದೆ.

ನಿಂತ ಮೇಲೂ ಇಂಧನದ ಕಾವು ಆರುವುದಿಲ್ಲ. ತಣಿಸುತ್ತಲೇ ಇರಬೇಕು. ಆಪರೇಟರ್‌ನ ನಿಜವಾದ ಪರೀಕ್ಷೆ ಅಲ್ಲಿಂದ ಶುರು.

ನಿಮ್ಮ ತಂದೆಯವರ ಮಾತಿಗೆ ಗಡಿಯಾರವೂ ಸಾಕ್ಷಿ ಹೇಳುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಅಪಘಾತ ಆರಂಭವಾದದ್ದು 1979ರ ಮಾರ್ಚ್ 28ರ ನಸುಕಿನ ನಾಲ್ಕಕ್ಕೆ. ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ ಬೆಂಕಿ ಎದ್ದದ್ದು 1993ರ ಮಾರ್ಚ್ 31ರ ಬೆಳಗಿನ ಜಾವ ಮೂರೂವರೆಗೆ. ಹೊತ್ತು ಹೆಚ್ಚುಕಡಿಮೆ ಒಂದೇ, ಫಲ ಮಾತ್ರ ತದ್ವಿರುದ್ಧ. ಹಾಗಾಗಿ ನಿದ್ದೆಗೆಟ್ಟ ಕಣ್ಣನ್ನಷ್ಟೇ ದೂರಿದರೆ ವಿಷಯ ಮುಗಿಯುವುದಿಲ್ಲ.

ಅಮೆರಿಕದಲ್ಲಿ ಆದದ್ದಿಷ್ಟು. ಒತ್ತಡ ಇಳಿಸಲು ತೆರೆದ ಕವಾಟವೊಂದು ಮತ್ತೆ ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ಫಲಕದ ದೀಪ ಮಾತ್ರ ಆರಿತ್ತು. ಆ ದೀಪ ತೋರಿಸುತ್ತಿದ್ದದ್ದು ಮುಚ್ಚು ಎಂಬ ಆಜ್ಞೆ ಹೋಗಿದೆ ಎಂದಷ್ಟೇ, ಕವಾಟ ಮುಚ್ಚಿದೆ ಎಂದಲ್ಲ. ಜೊತೆಗೆ ನೂರಾರು ಅಲಾರಾಂಗಳ ಗದ್ದಲ. ಒಂದು ಮಾಪಕ ನೀರು ತುಂಬಿದೆ ಎಂದದ್ದನ್ನು ನಂಬಿ, ತಾನಾಗಿಯೇ ಹರಿಯತೊಡಗಿದ್ದ ತುರ್ತು ನೀರನ್ನು ಆಪರೇಟರ್‌ಗಳು ತಗ್ಗಿಸಿದರು. ಕವಾಟ ತೆರೆದೇ ಇದೆಯೆಂದು ಎರಡು ಗಂಟೆಗೂ ಹೆಚ್ಚು ಹೊತ್ತು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಆಗಷ್ಟೇ ಬಂದ ಇನ್ನೊಬ್ಬ ಮೇಲ್ವಿಚಾರಕನ ಸಲಹೆಯಂತೆ ಬದಲಿ ಕವಾಟ ಮುಚ್ಚಿದರು. ಅಷ್ಟರಲ್ಲಿ ಇಂಧನಕ್ಕೆ ತಡೆಯಲಾಗದ ಹಾನಿಯಾಗಿತ್ತು, ರಿಯಾಕ್ಟರ್ ಗರ್ಭದ ಅರ್ಧದಷ್ಟು ಕರಗಿಹೋಯಿತು.

ನರೋರಾದಲ್ಲಿ ಟರ್ಬೈನಿನ ಎರಡು ಅಲಗು ಮುರಿದು, ಹೈಡ್ರೋಜನ್ ಸೋರಿ ಬೆಂಕಿ ಹೊತ್ತಿತು. ಕೇಬಲ್‌ಗಳು ಸುಟ್ಟು ತುರ್ತು ವಿದ್ಯುತ್ತೂ ಹೋಯಿತು. ಕಂಟ್ರೋಲ್ ರೂಮಿಗೆ ಹೊಗೆ ನುಗ್ಗಿ ಸಿಬ್ಬಂದಿ ಹೊರಬರಬೇಕಾಯಿತು. ಅಷ್ಟರೊಳಗೆ, ಒಂದು ನಿಮಿಷ ಕಳೆಯುವ ಮುನ್ನವೇ, ಅವರು ರಿಯಾಕ್ಟರನ್ನು ಕೈಯಾರೆ ನಿಲ್ಲಿಸಿಯಾಗಿತ್ತು. ಆಮೇಲೆ ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಸ್ಟೀಮ್ ಜನರೇಟರ್‌ಗಳಿಗೆ ನೀರು ಹಾಯಿಸಿದರು. ಟಾರ್ಚ್ ಹಿಡಿದು ಮೇಲೆ ಹತ್ತಿ, ರಿಯಾಕ್ಟರ್ ಮತ್ತೆ ಚುರುಕಾಗದಂತೆ ಬೋರಾನ್ ದ್ರಾವಣದ ಕವಾಟಗಳನ್ನು ಕೈಯಿಂದ ತಿರುಗಿಸಿದರು. ಸುಮಾರು 17 ಗಂಟೆ ಕತ್ತಲು. ಇಂಧನಕ್ಕೆ ಏನೂ ಆಗಲಿಲ್ಲ.

ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಈ ಎರಡರ ನಡುವೆ ಇದೆ. ನರೋರಾದಲ್ಲಿ ಫಲಕ ಸತ್ತಿತ್ತು, ಆದರೆ ಆಪತ್ತು ಕಣ್ಣೆದುರಿಗಿತ್ತು. ತ್ರೀ ಮೈಲ್ ಐಲ್ಯಾಂಡಿನಲ್ಲಿ ಫಲಕ ಬದುಕಿತ್ತು, ಸುಳ್ಳು ಹೇಳುತ್ತಿತ್ತು. ಏನೂ ತೋರಿಸದ ಮೀಟರಿಗಿಂತ ತಪ್ಪು ತೋರಿಸುವ ಮೀಟರು ಕೆಟ್ಟದ್ದು. ಈ ಕ್ಷೇತ್ರದವರು ತಪ್ಪಿನ ಅಂಕಿಗೆ ಸಮಯ, ಒತ್ತಡ, ಫಲಕದ ಜೋಡಣೆ, ಬರೆದಿಟ್ಟ ವಿಧಾನ, ತರಬೇತಿ ಇವನ್ನೆಲ್ಲ ಗುಣಿಸುವುದು ಇದಕ್ಕೇ. (ಬೇಕೆಂದೇ ಮಾಡಿದ ಕಿತಾಪತಿ ಈ ಲೆಕ್ಕಕ್ಕೆ ಸಿಗುವುದಿಲ್ಲ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇರುವ ಭಾರಜಲ ಬೆರೆಸಿದ ಪ್ರಕರಣ ಅಂಥದ್ದು.)

ಕೈಗಾದ ನಾಲ್ಕೂ ಘಟಕಗಳು ನರೋರಾದ ಹಾಗೆ ತಲಾ 220 ಮೆಗಾವಾಟಿನವು. ಕೈಗಾದ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಆಗ ವಿಶ್ವದಾಖಲೆ ಬರೆಯಿತು. ಹೆಮ್ಮೆಯ ಸಂಗತಿಯೇ. ಆದರೆ ಇದಕ್ಕೊಂದು ಮಗ್ಗುಲಿದೆ: ಯಂತ್ರ ಅಷ್ಟು ಚೆನ್ನಾಗಿ ಓಡಿದರೆ ಪಾಳಿಯವನಿಗೆ ಕೆಟ್ಟ ದಿನದ ಅಭ್ಯಾಸವೇ ತಪ್ಪುತ್ತದೆ. ಅದಕ್ಕಾಗಿಯೇ ಕಂಟ್ರೋಲ್ ರೂಮಿನ ಪ್ರತಿರೂಪದಂಥ ಸಿಮ್ಯುಲೇಟರ್ ಇಟ್ಟು, ನಿಜದಲ್ಲಿ ಎಂದೂ ಬಾರದಿರಲಿ ಎನ್ನುವ ಅನಾಹುತಗಳನ್ನು ಅಲ್ಲಿ ಬೇಕೆಂದೇ ತಂದು ಅವರ ಮುಂದೆ ಒಡ್ಡುತ್ತಾರೆ. ಆಪರೇಟರ್‌ಗಳ ಲೈಸೆನ್ಸಿಗೂ ಮೂರೇ ವರ್ಷದ ಆಯುಸ್ಸು. ಆಮೇಲೆ ಹಿರಿಯನಾದರೂ ಮತ್ತೆ ಪರೀಕ್ಷೆಗೆ ಕೂರಲೇಬೇಕು.